ಜಿಲ್ಲೆಯ ಸರಾಸರಿಯಲ್ಲಿ ಮಲೆನಾಡು ಸಿಗಲ್ಲ

ಹವಾಮಾನ ಬದಲಾವಣೆಯಿಂದ ಯಾವ ಜಿಲ್ಲೆಗೆ ಎಷ್ಟು ಅಪಾಯ ಅಂತ ಬಣ್ಣ ಬಳಿದ ನಕ್ಷೆಗಳು ಆಗಾಗ ವಾಟ್ಸಾಪಿಗೆ ಬರುತ್ತವೆ. ಶಿವಮೊಗ್ಗಕ್ಕೆಲ್ಲ ಒಂದೇ ಬಣ್ಣ. ಆಗುಂಬೆಯೂ ಅದೇ, ಶಿಕಾರಿಪುರವೂ ಅದೇ! ಒಂದು ಕಡೆ ವರ್ಷದ ಮಳೆ 7000 ಮಿಲಿಮೀಟರ್ ದಾಟುತ್ತೆ, ಇನ್ನೊಂದು ಕಡೆ ಅದರ ಕಾಲುಭಾಗವೂ ಬೀಳಲ್ಲ. ಎರಡನ್ನೂ ಕೂಡಿಸಿ ಭಾಗಿಸಿದ ಮಳೆ ಯಾರ ತೋಟದ್ದು ಮಾರಾಯ್ರೆ?

ನನ್ನ ಪ್ರಕಾರ ನಮಗೆ ಬೇಕಾದ್ದು ಮಳೆಯ ಮೊತ್ತಕ್ಕಿಂತ ಹೊಳವಿನ, ಅಂದರೆ ಮಳೆಯ ನಡುವಿನ ಬಿಡುವಿನ ಲೆಕ್ಕ. ಅಡಿಕೆಗೆ ಕಾಯಿ ಉದುರಿಸುವ ಕೊಳೆರೋಗ ತಗುಲದಿರಲು ಮುಂಗಾರು ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ್ದನ್ನು ಅವತ್ತೇ ಮುಗಿಸಬೇಕು. ಎರಡನೇ ಸಲದ ಹೊತ್ತಿಗೆ ಪುನರ್ವಸುವೋ ಪುಷ್ಯವೋ ಮಳೆ ಜಡಿ ಹಿಡಿದು ಕೂತರೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಜಾರುವ ಮರ ಹತ್ತುವಂತಿಲ್ಲ, ಹತ್ತಿ ಹೊಡೆದರೂ ಔಷಧಿ ಗೊನೆಗೆ ಅಂಟಲ್ಲ. ಆಮೇಲೆ ಮರದ ಬುಡದಲ್ಲಿ ಹಸಿರು ಕಾಯಿಯೇ ಹಾಸು. ಅಷ್ಟೇ ಮಳೆ ನಡುನಡುವೆ ಎರಡು ದಿನ ಬಿಸಿಲು ಕೊಟ್ಟು ಬಂದಿದ್ದರೆ ಬೆಳೆ ಉಳೀತಿತ್ತು. ತಿಂಗಳ ಮೊತ್ತದಲ್ಲಿ ಮಾತ್ರ ಎರಡಕ್ಕೂ ಒಂದೇ ಅಂಕಿ.

2023ರಲ್ಲಿ ಕಥೆ ಉಲ್ಟಾ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು. ಗದ್ದೆ ತೆಗೆದು, ಬೋರ್‌ವೆಲ್ ನಂಬಿ ಅಡಿಕೆ ಹಾಕಿದ ಅರೆಮಲೆನಾಡಿನವರಿಗೆ ಬಿದ್ದ ಪೆಟ್ಟೇ ಬೇರೆ. ಬೆಳೆ ಒಂದೇ, ಒಬ್ಬರಿಗೆ ಕೊಳೆಯುವ ಭಯ, ಒಬ್ಬರಿಗೆ ಒಣಗುವ ಭಯ.

ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಪಂಚಾಯ್ತಿ ಮಟ್ಟದ ಮಳೆಮಾಪಕ ನೋಡ್ತಾರೆ, ಜಿಲ್ಲೆಯ ಲೆಕ್ಕಕ್ಕಿಂತ ಎಷ್ಟೋ ವಾಸಿ. ಆದರೂ ಗುಡ್ಡದ ಆಚೆ ಸುರಿದದ್ದು ಈಚೆ ಬಿದ್ದಿರಲ್ಲ. ಅದಕ್ಕಿಂತ ದೊಡ್ಡ ತೊಡಕು ಪಹಣಿ, ಅಂದರೆ ಜಮೀನಿನ ದಾಖಲೆ. ಮಂಜೂರಾಗದ ಸರ್ಕಾರಿ ಜಾಗದಲ್ಲಿ ಬಗರ್‌ಹುಕುಂ ಸಾಗುವಳಿ ಮಾಡಿಕೊಂಡು ಬಂದವರ ತೋಟ ಕೊಳೆತರೂ ಕಾಗದದಲ್ಲಿ ತೋಟವೇ ಇಲ್ಲ. ಬೇಲಿಯಾಚೆಯ ಪಹಣಿದಾರನಿಗೆ ಅದೇ ಮಳೆ, ಆದರೆ ಅವನಿಗೆ ವಿಮೆಯುಂಟು, ಸೊಸೈಟಿ ಸಾಲವುಂಟು. ಮೊದಲು ಯಾರು ಮುಳುಗ್ತಾರೆ ಅನ್ನೋದು ಈ ವ್ಯತ್ಯಾಸದಲ್ಲಿದೆ, ಅದನ್ನು ಉಪಗ್ರಹದಿಂದ ನೋಡೋಕಾಗಲ್ಲ.

ಮಂಗನ ಕಾಯಿಲೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಉಣುಗಿನಿಂದ ಬರೋದು, ಒಣ ತಿಂಗಳುಗಳಲ್ಲೇ ಜಾಸ್ತಿ. ದರಗು (ಒಣ ಎಲೆ), ಸೌದೆಗೆ ಕಾಡಿಗೆ ಹೋಗೋದು ಕೂಲಿಯವರು. ಇಂಥ ಅಪಾಯದ ನಕ್ಷೆಗಾಗಿ ಮುಂದಿನ ಸಮೀಕ್ಷೆಗೆ ಬರೋರು ತೋಟದ ಯಜಮಾನರ ಜಗಲಿಯಲ್ಲಿ ಕಾಫಿ ಕುಡಿದು ಹೊರಟುಬಿಡಬೇಡಿ. ಕೊನೆಗಾರರ ಕೇರಿಗೂ ಹೋಗಿ, ಮಳೆ ಬಿಡದ ವಾರ ಅವರ ಮನೆ ಖರ್ಚು ಹೇಗೆ ನಡೆಯುತ್ತೆ ಅಂತ ಕೇಳಿ ಬರ್ಕೊಳ್ಳಿ.