ಫರ್ಮಾನ ಕೈತಪ್ಪಿದ 641

ನಿನ್ನೆ ರಾತ್ರಿ ಕ್ಯಾಲ್ಕ್ಯುಲೇಟರ್ ಬದಿಗಿಟ್ಟು 4294967297 ಅನ್ನು 641ರಿಂದ ಪೆನ್ಸಿಲ್ ಹಿಡಿದು ಭಾಗಿಸಿದೆ. ಮೊದಲು 4294ರಲ್ಲಿ ಆರು ಸಲ, ಉಳಿದದ್ದು 448. ಮೇಲಿನ 9 ಇಳಿಸಿದರೆ 4489. ಏಳು ಸಲ ಎಂದರೆ 4487, ಶೇಷ ಬರೀ 2! ಆಮೇಲೆ ಭಾಗಲಬ್ಧದಲ್ಲಿ ಎರಡು ಸೊನ್ನೆ, ಒಂದು 4, ಒಂದು 1. ಕೊನೆಗೆ ಮತ್ತೆ ಅದೇ 448 ಉಳಿಯಿತು. ಈ ಬಾರಿ ಇಳಿದು ಬಂದದ್ದು 9 ಅಲ್ಲ, 7. ಅಂದರೆ 4487. ಏಳು ಸಲ, ಶೇಷ ಸೊನ್ನೆ. ಭಾಗಲಬ್ಧ 6700417. ಒಬ್ಬನೇ ಕೂತು ನಕ್ಕೆ.

ಈ ಸಂಖ್ಯೆ ಎರಡರ 32ನೆಯ ಘಾತಕ್ಕೆ ಒಂದು ಕೂಡಿಸಿದ್ದು. ಎರಡರ ಘಾತ 1, 2, 4, 8, 16 ಎಂದು ಇಮ್ಮಡಿಯಾಗುತ್ತ ಹೋಗುವ ಇದೇ ಸಾಲಿನಲ್ಲಿ ಹಿಂದಿರುವ 3, 5, 17, 257, 65537 ಐದೂ ಅವಿಭಾಜ್ಯ. ಅದನ್ನು ಕಂಡು ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ 1640ರಲ್ಲಿ ಮುಂದಿನವೂ ಹಾಗೆಯೇ ಎಂದು ನಂಬಿದ. ಅದಕ್ಕೆ ಪುರಾವೆ ತನ್ನ ಬಳಿ ಇಲ್ಲ ಎಂದು ಒಪ್ಪಿಕೊಂಡಿದ್ದ, ಅದು ಅವನ ದೊಡ್ಡತನ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ 641 ಅನ್ನು ಹಿಡಿದು ತಂದ.

ಐದು ಉದಾಹರಣೆ ನೋಡಿ ಆರನೆಯದನ್ನು ನಂಬಿದ್ದಕ್ಕೆ ಫರ್ಮಾನನ್ನು ಗೇಲಿ ಮಾಡುವವರನ್ನು ಕಂಡಿದ್ದೇನೆ. ನನ್ನ ತಕರಾರು ಬೇರೆ. ಅವನ ಹೆಸರಿನ ಕಿರು ಪ್ರಮೇಯವನ್ನು (p ಅವಿಭಾಜ್ಯವಾಗಿದ್ದು, ಒಂದು ಸಂಖ್ಯೆಯನ್ನು ಅದು ಭಾಗಿಸದಿದ್ದರೆ, ಆ ಸಂಖ್ಯೆಯ p−1ನೆಯ ಘಾತವನ್ನು pಯಿಂದ ಭಾಗಿಸಿದಾಗ ಶೇಷ 1) ಅವನು ಬರೆದು ತಿಳಿಸಿದ್ದೂ ಅದೇ 1640ರಲ್ಲಿ. ಅದನ್ನೇ ಇಲ್ಲಿಗೆ ತಂದರೆ ಒಂದು ಸಂಗತಿ ಹೊರಬೀಳುತ್ತದೆ: ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದರಿಂದ 1 ಕಳೆದರೆ 64ರ ಮಗ್ಗಿಯಲ್ಲಿ ಸಿಗಲೇಬೇಕು. ಹಾಗಾದರೆ ಪರೀಕ್ಷಿಸಬೇಕಾದದ್ದು ಎಷ್ಟು? 65, 129 ಅವಿಭಾಜ್ಯವೇ ಅಲ್ಲ. 193, 257, 449, 577, ಆಮೇಲೆ 641. ಐದನೆಯ ಪ್ರಯತ್ನಕ್ಕೇ ಬಾಗಿಲು ತೆರೆಯುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ; ಇವನು ಹುಡುಕಲೂ ಇಲ್ಲವೇನೋ ಎಂಬುದು ನನ್ನ ಗುಮಾನಿ.

ಭಾಗಾಕಾರವೂ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. 641 ಎಂದರೆ 5×128+1, ಹಾಗೆಯೇ 625+16. ಮೊದಲನೆಯದರಿಂದ 5×128 ಎಂಬುದು 641ರ ಲೆಕ್ಕದಲ್ಲಿ, ಅಂದರೆ 641ರಿಂದ ಭಾಗಿಸಿ ಶೇಷವನ್ನಷ್ಟೇ ನೋಡಿದರೆ, −1. ಅದನ್ನು ನಾಲ್ಕನೆಯ ಘಾತಕ್ಕೆ ಏರಿಸಿದರೆ 625 × 2ರ 28ನೆಯ ಘಾತ, ಅದರ ಶೇಷ 1. ಎರಡನೆಯದರ ಪ್ರಕಾರ 625ರ ಜಾಗದಲ್ಲಿ −16 ಇಡಬಹುದು. 16 ಎರಡರ ನಾಲ್ಕನೆಯ ಘಾತವಾದ್ದರಿಂದ 28 ಮತ್ತು 4 ಕೂಡಿ 32 ಆಗುತ್ತದೆ. ಎರಡರ 32ನೆಯ ಘಾತ −1ಕ್ಕೆ ಸಮ. ಒಂದು ಕೂಡಿಸಿ, ಸೊನ್ನೆ. ದೊಡ್ಡ ಸಂಖ್ಯೆಯನ್ನು ಒಮ್ಮೆಯೂ ಬಿಡಿಸಿ ಬರೆಯಲಿಲ್ಲ, ಗಮನಿಸಿ.

ಫರ್ಮಾನ ಸಾಲಿನಲ್ಲಿ ಆ ಐದನ್ನು ಬಿಟ್ಟರೆ ಆರನೆಯ ಅವಿಭಾಜ್ಯ ಇದುವರೆಗೆ ಸಿಕ್ಕಿಲ್ಲ. ಸೊನ್ನೆಯಿಂದ ಎಣಿಸಿದರೆ 20ನೆಯದಕ್ಕೆ 3 ಲಕ್ಷ 15 ಸಾವಿರಕ್ಕೂ ಹೆಚ್ಚು ಅಂಕಿಗಳು. ಅದು ಅವಿಭಾಜ್ಯವಲ್ಲ ಎಂದು ಸಾಧಿಸಿಯಾಗಿದೆ, ಆದರೆ ಅದರ ಒಂದೇ ಒಂದು ಅಪವರ್ತನವೂ ಯಾರ ಕೈಗೂ ಸಿಕ್ಕಿಲ್ಲ. ಅಲ್ಲಿ ನನ್ನ ಪೆನ್ಸಿಲ್ ನಡೆಯುವುದಿಲ್ಲ.