ಮೂರು ನಿಮಿಷ, ಒಂದು ಸಾಲು

ನಮ್ಮಪ್ಪ ಪುರಸಭೆಯಲ್ಲಿ ಗುಮಾಸ್ತರಾಗಿದ್ದರು. ಸಾಮಾನ್ಯ ಸಭೆ ನಡೆದ ದಿನ ರಾತ್ರಿ ಊಟ ಆದಮೇಲೆ ಕಚ್ಚಾ ಟಿಪ್ಪಣಿ ಹರಡಿಕೊಂಡು ನಡವಳಿ ಬರೆಯಲು ಕೂರುತ್ತಿದ್ದರು. ಸಭೆಯಲ್ಲಿ ಏನಾಯಿತು ಅನ್ನೋದು ಅಷ್ಟೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತಿತ್ತು. ನೀರು ಬಂದಿಲ್ಲ ಅಂತ ಒಬ್ಬರು ಖಾಲಿ ಕೊಡ ತಂದು ಅಧ್ಯಕ್ಷರ ಮೇಜಿನ ಮೇಲೆ ಕುಕ್ಕಿರುತ್ತಿದ್ದರು. ಇನ್ನೊಬ್ಬರು ಅಜೆಂಡಾ ಹರಿದು ಎಸೆದಿರುತ್ತಿದ್ದರು. ಅಪ್ಪನ ದುಂಡು ಅಕ್ಷರದಲ್ಲಿ ಮಾತ್ರ ಇಷ್ಟೇ: 'ಸದರಿ ವಿಷಯವನ್ನು ಸಭೆಯಲ್ಲಿ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು.'

ಹಗಲು ಗದ್ದಲ, ರಾತ್ರಿ ಸರ್ವಾನುಮತ. ಕೌನ್ಸಿಲ್ ಅಂದರೆ ಇದೇ ಅಂದುಕೊಂಡು ಬೆಳೆದವಳು ನಾನು. ಲಂಡನ್ನಿಗೆ ಬಂದು ಹನ್ನೊಂದು ವರ್ಷ ಆದರೂ ಇಲ್ಲಿನ 'ಬರೋ' (borough, ನಮ್ಮ ಪುರಸಭೆ ಇದ್ದ ಹಾಗೆ ಲಂಡನ್ನಿನ ಒಂದೊಂದು ಭಾಗದ ಸ್ಥಳೀಯ ಆಡಳಿತ) ಕೌನ್ಸಿಲ್ ಸಭೆಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹೋದ ತಿಂಗಳು ಹೋದೆ. ಸುಮ್ನೆ ನೋಡೋಣ ಅಂತ ಹೋಗಿದ್ದಲ್ಲ. ಪಾರ್ಕಿಂಗ್ ಜಗಳಕ್ಕೆ ಹೋಗಿದ್ದು.

ನಮ್ಮ ಬೀದಿ ಸ್ಟೇಷನ್ನಿಗೆ ಐದು ನಿಮಿಷದ ನಡಿಗೆ. ಬೆಳಗ್ಗೆ ಏಳೂವರೆಗೆಲ್ಲ ಎಲ್ಲಿಂದಲೋ ಬಂದವರು ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ ರೈಲು ಹತ್ತುತ್ತಾರೆ. ಅವರು ವಾಪಸ್ ಬರೋದು ಸಂಜೆಯೇ. ಅದಕ್ಕೆ ಕೌನ್ಸಿಲ್‌ನವರು ಸಿಪಿಝಡ್ ಮಾಡುತ್ತೇವೆ ಅಂದರು. ಅಂದರೆ ಪರ್ಮಿಟ್ ಇದ್ದವರು ಮಾತ್ರ ನಿಲ್ಲಿಸುವ ವಲಯ. ಬೆಳಗ್ಗೆ ಎಂಟರಿಂದ ಸಂಜೆ ಆರೂವರೆವರೆಗೆ. ನಿವಾಸಿಗಳೂ ವರ್ಷಕ್ಕಿಷ್ಟು ಅಂತ ದುಡ್ಡು ಕೊಡಬೇಕು. ಮನೆಗೆ ನೆಂಟರು ಬಂದರೆ ಅವರಿಗೂ ಚೀಟಿ ಕೊಳ್ಳಬೇಕು. ನಮ್ಮ ವಾದ ಇಷ್ಟೇ ಇತ್ತು: ರೈಲಿಗೆ ಹೋಗುವವರನ್ನು ತಡೆಯಲು ದಿನಕ್ಕೆ ಒಂದು ಗಂಟೆ ನಿರ್ಬಂಧ ಸಾಕು. ಹನ್ನೊಂದರಿಂದ ಹನ್ನೆರಡು ಅಂತ ಹಾಕಿದರೆ ದಿನವಿಡೀ ಕಾರು ಬಿಟ್ಟುಹೋಗಲು ಆಗುವುದಿಲ್ಲ. ಮಿಕ್ಕ ಹೊತ್ತು ಬೀದಿ ನಮ್ಮದು. ಹೊರ ಲಂಡನ್ನಿನಲ್ಲಿ ಇಂಥ ಒಂದು ಗಂಟೆಯ ವಲಯಗಳು ಬೇಕಾದಷ್ಟಿವೆ.

ಎದುರು ಮನೆಯ ಐರಿಷ್ ಅಜ್ಜಿ ಮತ್ತು ನಾನು ಮನೆಮನೆ ಸುತ್ತಿ ಸಹಿ ಹಾಕಿಸಿದೆವು. ಅಜ್ಜಿಗೆ ಮೆಟ್ಟಿಲು ಹತ್ತಲು ಆಗಲ್ಲ ಅಂತ ಸಭೆಯಲ್ಲಿ ಮಾತಾಡುವ ಕೆಲಸ ನನ್ನ ತಲೆಗೆ ಬಂತು. ಮೂರು ನಿಮಿಷ ಕೊಡುತ್ತೇವೆ ಅಂತ ಇಮೇಲ್ ಬಂತು. ಜೊತೆಗೆ ಅಜೆಂಡಾ.

ಈ ಅಜೆಂಡಾ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಭೆಗೆ ಐದು ಪೂರ್ತಿ ಕೆಲಸದ ದಿನ ಮೊದಲೇ ಅದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಕಾನೂನೇ ಹಾಗಿದೆ. ಅಧಿಕಾರಿಗಳ ವರದಿಗಳೂ ಸೇರಿ ನನಗೆ ಸಿಕ್ಕಿದ್ದು ಇನ್ನೂರು ಪುಟ ದಾಟಿತ್ತು. ಯಾರೂ ಓದಬಾರದು ಅಂತಲೇ ಬರೆದ ಹಾಗಿತ್ತು ಅನ್ನಿ. ಆದರೂ ಪಟ್ಟು ಹಿಡಿದು ಓದಿದರೆ ಎಲ್ಲ ಅಲ್ಲೇ ಇರುತ್ತದೆ. ನಮ್ಮ ಬೀದಿಯ ವಿಷಯ ನೂರಾ ಚಿಲ್ಲರೆ ಪುಟದಲ್ಲಿ, ಒಂದು ಅನುಬಂಧದ ಒಳಗೆ ಮುದುರಿ ಕೂತಿತ್ತು.

ಸಭೆ ಸಂಜೆ ಏಳಕ್ಕೆ. ಎಲ್ಲರೂ ಎದ್ದು ನಿಲ್ಲಿ ಅಂತ ಯಾರೋ ಕೂಗಿದರು. ಒಬ್ಬರು ಬೆಳ್ಳಿ ಗದೆಯಂಥದ್ದನ್ನು ಹೆಗಲ ಮೇಲಿಟ್ಟುಕೊಂಡು ಮುಂದೆ ನಡೆದರು. ಹಿಂದೆ ಕೊರಳಿಗೆ ದಪ್ಪ ಸರ ಹಾಕಿಕೊಂಡ ಮೇಯರ್. ದಸರಾ ಮೆರವಣಿಗೆಯೇ ಬಂದ ಹಾಗಾಯಿತು ನನಗೆ. ಈ ಮೇಯರ್‌ಗೆ ಅಧಿಕಾರ ಏನೂ ಇಲ್ಲ, ಸಭೆ ನಡೆಸೋದು, ರಿಬ್ಬನ್ ಕತ್ತರಿಸೋದು ಅಷ್ಟೇ. ಕೆಲಸ ಮಾಡೋದು ಲೀಡರ್ ಮತ್ತು ಅವರ ಕ್ಯಾಬಿನೆಟ್. ಲಂಡನ್ನಿನ 32 ಬರೋಗಳಲ್ಲಿ ಕ್ರಾಯ್ಡನ್, ಹ್ಯಾಕ್ನಿ, ಲೂಯಿಶಮ್, ನ್ಯೂಹ್ಯಾಮ್, ಟವರ್ ಹ್ಯಾಮ್ಲೆಟ್ಸ್ ಈ ಐದರಲ್ಲಿ ಮಾತ್ರ ಜನರೇ ನೇರವಾಗಿ ಆರಿಸಿದ, ಅಧಿಕಾರ ಇರುವ ಮೇಯರ್ ಇದ್ದಾರೆ.

ಗೈರುಹಾಜರಾದವರ ಕ್ಷಮೆ. ನಂತರ ಹಿತಾಸಕ್ತಿ ಘೋಷಣೆ. ಒಬ್ಬ ಕೌನ್ಸಿಲರ್ ಎದ್ದು, ಇಂಥ ಐಟಂನಲ್ಲಿ ನನ್ನ ಹೆಂಡತಿಯ ಕಂಪನಿ ಇದೆ, ಅದು ಬಂದಾಗ ಹೊರಗೆ ಹೋಗುತ್ತೇನೆ ಅಂದರು. ಹೇಳದೆ ಮುಚ್ಚಿಟ್ಟರೆ ಅಪರಾಧ, 2011ರ ಕಾನೂನಿನ ಪ್ರಕಾರ. ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. "ನಮ್ಮಲ್ಲಿ ಹಂಗೆ ಹೊರಗ್ ಹೋಗ್ಬೇಕು ಅಂದ್ರೆ ಕೋರಂ ಎಲ್ಲಿ ಉಳಿಯುತ್ತೆ ಕಣಮ್ಮಾ!"

ಆಮೇಲೆ ಪ್ರಶ್ನೋತ್ತರ. ಇದು ಶುದ್ಧ ನಾಟಕ. ಆಡಳಿತ ಪಕ್ಷದ ಸದಸ್ಯರೇ ಎದ್ದು, ನಮ್ಮ ಗ್ರಂಥಾಲಯಗಳು ಇಷ್ಟು ಚೆನ್ನಾಗಿರಲು ಕಾರಣ ಏನು ಅಂತ ತಮ್ಮ ಲೀಡರ್‌ನೇ ಕೇಳಿದರು. ಲೀಡರ್ ಬರೆದು ತಂದ ಉತ್ತರ ಓದಿದರು. ವಿರೋಧ ಪಕ್ಷದ ಸಾಲಿನಿಂದ ಗೊಣಗಾಟ. ಖಾಲಿ ಕೊಡ ಕುಕ್ಕುವವರೇ ವಾಸಿ ಅನ್ನಿಸಿತು ಒಂದು ಕ್ಷಣ, ಕನಿಷ್ಠ ಆ ಕೊಡ ನಿಜವಾಗಿ ಖಾಲಿ ಇರುತ್ತಿತ್ತು.

ಆ ರಾತ್ರಿಯ ದೊಡ್ಡ ಜಗಳ ದುಡ್ಡಿನದ್ದು. ನಾವು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗೋಳಾಡುತ್ತೇವಲ್ಲ, ಇಷ್ಟು ಕೌನ್ಸಿಲ್ ಟ್ಯಾಕ್ಸ್ ಕಟ್ಟಿದರೂ ಕಸದ ಗಾಡಿ ಎರಡು ವಾರಕ್ಕೊಮ್ಮೆ ಅಂತ? ದುಡ್ಡು ಹೋಗೋದು ಕಸಕ್ಕಲ್ಲ. ದೊಡ್ಡ ಪಾಲು ಹೋಗೋದು ನೋಡಿಕೊಳ್ಳುವವರಿಲ್ಲದ ವೃದ್ಧರಿಗೆ, ಅಂಗವಿಕಲರಿಗೆ, ತಂದೆ ತಾಯಿಯ ಹತ್ತಿರ ಇರಲಾಗದ ಮಕ್ಕಳಿಗೆ. ಲಂಡನ್ನಿನಲ್ಲಿ ಇದರ ಮೇಲೆ ಮನೆ ಕಳೆದುಕೊಂಡ ಕುಟುಂಬಗಳಿಗೆ ತಾತ್ಕಾಲಿಕ ವಸತಿಯ ಖರ್ಚು. ಇವೆಲ್ಲ ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ, ಆಗಲ್ಲ ಅನ್ನುವ ಹಾಗಿಲ್ಲ. ಬೀದಿ, ಪಾರ್ಕು, ಲೈಬ್ರರಿ ಎಲ್ಲ ಉಳಿದ ಚಿಲ್ಲರೆಯಲ್ಲಿ ನಡೆಯಬೇಕು. ಆದಾಯ ಹೆಚ್ಚಿಸೋಣ ಅಂದರೆ ಟ್ಯಾಕ್ಸನ್ನು ವರ್ಷಕ್ಕೆ ಹೆಚ್ಚುಕಡಿಮೆ ಶೇ 5ಕ್ಕಿಂತ ಜಾಸ್ತಿ ಏರಿಸಲು ಜನಮತಗಣನೆ ಬೇಕು, ಇಲ್ಲ ಸರ್ಕಾರದ ವಿಶೇಷ ಅನುಮತಿ ಬೇಕು.

ಆ ಟ್ಯಾಕ್ಸ್ ಲೆಕ್ಕವೂ ವಿಚಿತ್ರ. ಇಂಗ್ಲೆಂಡಿನ ಪ್ರತಿ ಮನೆಯೂ ಎ ಇಂದ ಎಚ್‌ವರೆಗೆ ಯಾವುದೋ ಒಂದು ಬ್ಯಾಂಡಿನಲ್ಲಿರುತ್ತದೆ. ಯಾವ ಬ್ಯಾಂಡು ಅನ್ನೋದು 1991ರ ಏಪ್ರಿಲ್ 1ರಂದು ಆ ಮನೆಯ ಬೆಲೆ ಎಷ್ಟಿತ್ತು ಅನ್ನೋದರ ಮೇಲೆ. ಮನಮೋಹನ ಸಿಂಗ್ ಅವರು ಆ ಹೆಸರಾಂತ ಬಜೆಟ್ ಮಂಡಿಸುವುದಕ್ಕೂ ಮೊದಲಿನ ರೇಟು! ಹೋದ ವರ್ಷ ಕಟ್ಟಿದ ಮನೆಗೂ, 1991ರಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು ಅಂತ ಊಹಿಸಿ ಬ್ಯಾಂಡ್ ಹಾಕುತ್ತಾರೆ. ಮರುಮೌಲ್ಯಮಾಪನ ಮಾಡಿದರೆ ಓಟು ಹೋಗುತ್ತದೆ ಅಂತ ಯಾವ ಪಕ್ಷವೂ ಮುಟ್ಟಿಲ್ಲ.

ದುಡ್ಡು ಮುಗಿದರೆ? ಕ್ರಾಯ್ಡನ್ ಕೇಳಿ. 2020ರ ನವೆಂಬರ್‌ನಲ್ಲಿ ಅಲ್ಲಿ ಸೆಕ್ಷನ್ 114 ನೋಟಿಸ್ ಬಂತು, ಅಂದರೆ ಕಡ್ಡಾಯವಲ್ಲದ ಹೊಸ ಖರ್ಚೆಲ್ಲ ಬಂದ್. 2022ರಲ್ಲಿ ಮತ್ತೆ. 2023ರಲ್ಲಿ ಅಲ್ಲಿನವರ ಟ್ಯಾಕ್ಸ್ ಒಂದೇ ಏಟಿಗೆ ಶೇ 15 ಏರಿತು. ಈ ನೋಟಿಸ್ ಹೊರಡಿಸುವುದು ರಾಜಕಾರಣಿಯಲ್ಲ, ಕೌನ್ಸಿಲ್ಲಿನ ಹಣಕಾಸು ಅಧಿಕಾರಿ. ಇದು ಅಪ್ಪನಿಗೆ ಬಹಳ ಹಿಡಿಸಿತು. "ಬರೆಯೋನಿಗೆ ಅಷ್ಟಾದ್ರೂ ಪವರ್ ಇರ್ಬೇಕು" ಅಂದರು.

ನನ್ನ ಸರದಿ ಬಂದಾಗ ಎಂಟೂ ಇಪ್ಪತ್ತು. ಮೈಕಿನ ಪಕ್ಕ ಪುಟ್ಟ ಸಿಗ್ನಲ್ ದೀಪ, ಹಸಿರು, ಹಳದಿ, ಕೆಂಪು. ಬರೆದುಕೊಂಡು ಹೋಗಿದ್ದೆ. ಒಂದು ಗಂಟೆ ಸಾಕು ಅಂತ ಹೇಳಿದೆ. ಅಜ್ಜಿಯನ್ನು ನೋಡಿಕೊಳ್ಳಲು ಬರುವ ಮಗಳು ದಿನಾ ಚೀಟಿ ಕೊಳ್ಳಬೇಕಾಗುತ್ತದೆ ಅಂತ ಹೇಳಿದೆ. ಕೊನೆಗೆ ಬಾರ್ನೆಟ್ ಬರೋದ ವಿಷಯ ತೆಗೆದೆ. ಅಲ್ಲಿನ ಕೌನ್ಸಿಲ್ 2011ರಲ್ಲಿ ನಿವಾಸಿಗಳ ಪಾರ್ಕಿಂಗ್ ಪರ್ಮಿಟ್ಟನ್ನು 40 ಪೌಂಡಿನಿಂದ 100ಕ್ಕೆ, ನೆಂಟರ ಚೀಟಿಯನ್ನು ಒಂದು ಪೌಂಡಿನಿಂದ ನಾಲ್ಕಕ್ಕೆ ಏರಿಸಿತ್ತು. ಒಬ್ಬ ನಿವಾಸಿ ಹೈಕೋರ್ಟಿಗೆ ಹೋದರು. 2013ರಲ್ಲಿ ಕೋರ್ಟು, ಬೊಕ್ಕಸ ತುಂಬಿಸಲು ಪಾರ್ಕಿಂಗ್ ಶುಲ್ಕ ಏರಿಸುವ ಹಾಗಿಲ್ಲ ಅಂತ ಅದನ್ನು ರದ್ದು ಮಾಡಿತು. ಆ ಸಾಲು ಓದುವಾಗ ಅಧಿಕಾರಿಗಳ ಸಾಲಿನಲ್ಲಿ ಒಬ್ಬರು ಮೊದಲ ಸಲ ತಲೆ ಎತ್ತಿದರು. ಅಷ್ಟರಲ್ಲಿ ಕೆಂಪು ದೀಪ. ಮೇಯರ್ ಥ್ಯಾಂಕ್ಯೂ ಅಂದರು. ಮುಗಿಯಿತು.

ತೀರ್ಮಾನ ಆಗಲೇ ಆಗಿಹೋಗಿತ್ತು, ಬೇರೆ ಯಾವುದೋ ಕೋಣೆಯಲ್ಲಿ, ಅನ್ನಿಸಿತು. ಬಹುಶಃ ನಿಜವೂ ಹೌದು. ಪಕ್ಷದ ಸಭೆಯಲ್ಲಿ ಮೊದಲೇ ಮಾತಾಡಿಕೊಂಡು ಬರುತ್ತಾರೆ, ಇಲ್ಲಿ ಕೈ ಎತ್ತುತ್ತಾರೆ. ಹಾಗಿದ್ದರೂ ಆ ಕೋಣೆಯ ತೀರ್ಮಾನವನ್ನು ಇಲ್ಲಿಗೆ ತಂದು, ಬಾಯಿಬಿಟ್ಟು ಹೇಳಿ, ಹೆಸರು ಹಚ್ಚಿಸಿಕೊಳ್ಳಬೇಕಲ್ಲ. ಬಜೆಟ್ ಮೇಲೆ ಯಾರು ಹೇಗೆ ಓಟು ಹಾಕಿದರು ಅನ್ನೋದನ್ನು ಒಬ್ಬೊಬ್ಬರ ಹೆಸರಿನ ಸಮೇತ ಬರೆದಿಡಬೇಕು. ಗ್ಯಾಲರಿಯಲ್ಲಿ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಹಕ್ಕು 2014ರಿಂದ ಯಾರಿಗೆ ಬೇಕಾದರೂ ಇದೆ. ಪತ್ರಕರ್ತರೂ ಜನರೂ ಒಳಗೆ ಬಂದು ಕೂರುವ ಹಕ್ಕನ್ನು ಕಾನೂನು ಮಾಡಿಸಿದ್ದು ಯಾರು ಗೊತ್ತಾ? ಮಾರ್ಗರೆಟ್ ಥ್ಯಾಚರ್. 1960ರಲ್ಲಿ, ಆಗಿನ್ನೂ ಫಿಂಚ್ಲಿಯ ಹೊಸ ಸಂಸದೆ. ಪಾರ್ಲಿಮೆಂಟಿನಲ್ಲಿ ಅವರ ಮೊದಲ ಭಾಷಣವೇ ಅದರ ಮೇಲೆ. ಅವರ ಮಿಕ್ಕ ರಾಜಕೀಯ ನನಗೆ ಆಗಿಬರುವುದಿಲ್ಲ. ಆದರೆ ನಾನು ಆ ಗ್ಯಾಲರಿಯಲ್ಲಿ ಕೂತಿದ್ದು ಅವರ ದೆಸೆಯಿಂದಲೇ.

ಈಗ ಸ್ವಲ್ಪ ಬೈಯ್ಯಬೇಕು. ನಮ್ಮವರನ್ನೇ. ಆ ಗ್ಯಾಲರಿಯಲ್ಲಿ ಅವತ್ತು ನನ್ನನ್ನು ಬಿಟ್ಟರೆ ಆರು ಜನ. ಕನ್ನಡದವರು ನಾನೊಬ್ಬಳೇ. ನಮ್ಮ ಬೀದಿಯ ಸುತ್ತಮುತ್ತಲೇ ಹತ್ತಾರು ಕನ್ನಡ ಮನೆಗಳಿವೆ. ಯುಗಾದಿಗೆ ಹಾಲ್ ತುಂಬುತ್ತದೆ. ಬೆಂಗಳೂರಿನ ಟಿವಿ ಚರ್ಚೆ ನೋಡಿ ಯಾವ ಶಾಸಕರು ಯಾವ ಬಣ ಅಂತ ಕರಾರುವಾಕ್ಕಾಗಿ ಹೇಳುತ್ತೇವೆ. ನಿಮ್ಮ ವಾರ್ಡಿನ ಕೌನ್ಸಿಲರ್ ಯಾರು ಅಂದರೆ ಮುಖ ಮುಖ ನೋಡುತ್ತೇವೆ. "ನಮಗೆಲ್ಲಿ ಓಟಿದೆ, ನಾವು ವೀಸಾದವರು" ಅನ್ನುತ್ತಾರೆ.

ಓಟಿದೆ ಮಾರಾಯ್ರೇ! ಭಾರತ ಕಾಮನ್‌ವೆಲ್ತ್ ದೇಶ. ಇಲ್ಲಿ ಸರಿಯಾದ ವೀಸಾದ ಮೇಲೆ ವಾಸವಿರುವ, ಹದಿನೆಂಟು ತುಂಬಿದ ಭಾರತೀಯ ಪ್ರಜೆ ಹೆಸರು ನೋಂದಾಯಿಸಿ ಓಟು ಹಾಕಬಹುದು. ಕೌನ್ಸಿಲ್ ಚುನಾವಣೆಗಷ್ಟೇ ಅಲ್ಲ, ಪಾರ್ಲಿಮೆಂಟಿಗೂ. ಬ್ರಿಟಿಷ್ ಪಾಸ್‌ಪೋರ್ಟ್ ಬರುವವರೆಗೆ ಕಾಯಬೇಕಿಲ್ಲ. ಈಗ ಬೂತಿನಲ್ಲಿ ಫೋಟೋ ಗುರುತು ಕೇಳುತ್ತಾರೆ, ಅದಕ್ಕೂ ನಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ನನಗೂ ಇದು ತಿಳಿದಿದ್ದು ಬಂದು ನಾಲ್ಕು ವರ್ಷದ ಮೇಲೆ, ಆಫೀಸಿನ ನೈಜೀರಿಯಾದ ಗೆಳತಿಯಿಂದ. ಅಲ್ಲಿಯವರೆಗೆ ಕೌನ್ಸಿಲ್ಲಿನಿಂದ ಬರುತ್ತಿದ್ದ ಮತದಾರರ ಪಟ್ಟಿಯ ಪತ್ರಗಳನ್ನು ಪಿಜ್ಜಾ ಪಾಂಪ್ಲೆಟ್ ಜೊತೆ ಕಸಕ್ಕೆ ಹಾಕುತ್ತಿದ್ದೆ.

ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲರೂ ಥೇಮ್ಸ್ ದಂಡೆಗೆ ಕರೆದುಕೊಂಡು ಹೋಗಿ ಬಸವಣ್ಣನ ಪ್ರತಿಮೆ ಮುಂದೆ ಫೋಟೋ ತೆಗೆಸುತ್ತೇವೆ ಅಲ್ವಾ? 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ್ದು ಎಲ್ಲರಿಗೂ ನೆನಪಿದೆ. ಆ ಜಾಗ ಲ್ಯಾಂಬೆತ್ ಬರೋದ್ದು, ಪ್ರತಿಮೆ ನಿಲ್ಲಿಸಲು ಅನುಮತಿ ಕೊಟ್ಟಿದ್ದು ಲ್ಯಾಂಬೆತ್ ಕೌನ್ಸಿಲ್. ಅದರ ಹಿಂದೆ ಓಡಾಡಿದ ಕಲಬುರಗಿಯ ಡಾ. ನೀರಜ್ ಪಾಟೀಲ್ ಅದೇ ಲ್ಯಾಂಬೆತ್ತಿನಲ್ಲಿ ಕೌನ್ಸಿಲರ್ ಆಗಿದ್ದವರು, 2010-11ರಲ್ಲಿ ಮೇಯರ್ ಕೂಡ. ಬಸವಣ್ಣನೂ ಇಂಥದ್ದೇ ಅರ್ಜಿ, ವರದಿ, ಐಟಂ ನಂಬರ್ ದಾಟಿಕೊಂಡೇ ಅಲ್ಲಿ ನಿಂತಿರೋದು.

ಊರಲ್ಲಿರುವ ಗೆಳೆಯರು ಇದನ್ನು ಓದಿ, ನಿಮಗೇನಮ್ಮ ಲಂಡನ್ನು ಅನ್ನುತ್ತೀರಿ. ಗೊತ್ತು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಅದಾದಮೇಲೆ ಐದು ವರ್ಷ ಆಡಳಿತಾಧಿಕಾರಿಯದ್ದೇ ರಾಜ್ಯಭಾರ. ಅಷ್ಟರಲ್ಲಿ ಪಾಲಿಕೆಯೇ ಐದು ಹೋಳಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಐದು ವರ್ಷದಲ್ಲಿ ಎಷ್ಟು ರಸ್ತೆ ಅಗೆದರೋ, ಎಷ್ಟು ಟೆಂಡರ್ ಕರೆದರೋ, ಜನ ಆರಿಸಿದ ಒಬ್ಬೇ ಒಬ್ಬ ಸದಸ್ಯ ಎದ್ದು ನಿಂತು ಇದೇನ್ರೀ ಅಂತ ಕೇಳುವ ಸಭೆಯೇ ಇರಲಿಲ್ಲ. ಗದ್ದಲವಾದರೂ ಬೇಕಿತ್ತು ಅನ್ನಿಸುತ್ತದೆ.

ಅವತ್ತು ಸಭೆ ಮುಗಿದ ರಾತ್ರಿ ಅಪ್ಪನಿಗೆ ಎಲ್ಲ ವರದಿ ಒಪ್ಪಿಸಿದಾಗ ಅವರು ಗದೆ ಬಗ್ಗೆ ಕೇಳಲಿಲ್ಲ, ನನ್ನ ಭಾಷಣದ ಬಗ್ಗೆಯೂ ಕೇಳಲಿಲ್ಲ. "ನಡವಳಿ ಯಾರು ಬರ್ಕೊತಿದ್ರು?" ಅಂದರು. ಮೇಯರ್ ಪಕ್ಕ ಒಬ್ಬ ಹುಡುಗಿ ಲ್ಯಾಪ್‌ಟಾಪಿನಲ್ಲಿ ಅಂದೆ. "ಊಟ ಮಾಡಿದ್ಲಂತಾ?" ಅಂದರು.

ಮೊನ್ನೆ ನಡವಳಿಯ ಕರಡು ಬಂತು. ನನ್ನ ಮೂರು ನಿಮಿಷ, ಅಜ್ಜಿಯ ಮಗಳು, ಬಾರ್ನೆಟ್, ಹೈಕೋರ್ಟು ಎಲ್ಲ ಸೇರಿ ಒಂದೇ ಸಾಲು. ಮನವಿ ಸ್ವೀಕರಿಸಿ ಸಂಬಂಧಪಟ್ಟ ಕ್ಯಾಬಿನೆಟ್ ಸದಸ್ಯರಿಗೆ ಕಳುಹಿಸಲಾಯಿತು ಅಂತ. ಸಿಟ್ಟು ಬಂದು ಅಪ್ಪನಿಗೆ ಪಿಡಿಎಫ್ ಕಳಿಸಿದೆ. ಅವರು ಕನ್ನಡಕ ಹುಡುಕಿ, ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಓದಿ, ಅರ್ಧ ಗಂಟೆ ಬಿಟ್ಟು ಫೋನ್ ಮಾಡಿದರು.

"ಒಳ್ಳೇ ಸಾಲೇ ಬರ್ದವ್ಳೆ. 'ಕಳುಹಿಸಲಾಯಿತು' ಅಂತ ಇದೆ, 'ಗಮನಿಸಲಾಯಿತು' ಅಂತ ಹಾಕಿಲ್ಲ ನೋಡು. ಹಂಗೆ ಹಾಕಿದ್ರೆ ಮುಗೀತಿತ್ತು ಕಥೆ. ಐಟಂ ನಂಬರು, ಪುಟ ಬರ್ದಿಟ್ಕೊಂಡು ಮುಂದಿನ ಸಭೆಗೆ ಕಳುಹಿಸಿದ್ದು ಏನಾಯ್ತು ಅಂತ ಕೇಳು."

ಐಟಂ 7, ಪುಟ 4. ಫ್ರಿಜ್ಜಿನ ಮೇಲೆ ಅಂಟಿಸಿದ್ದೇನೆ. ಮುಂದಿನ ಸಭೆಗೆ ಅಜ್ಜಿಯೂ ಬರುತ್ತಾರಂತೆ, ಲಿಫ್ಟ್ ಇದೆಯಾ ಅಂತ ವಿಚಾರಿಸಬೇಕು.