ಸ್ಪಷ್ಟನೆ: ಒಳಕಿವಿ ಮೆದುಳಿನಿಂದ ಚಿಗುರುವುದಿಲ್ಲ

"ಕಣ್ಣಿನ ಹಾಗೆ ಒಳಕಿವಿಯೂ ಮೆದುಳಿನಿಂದಲೇ ಚಿಗುರುತ್ತದೆ, ಅದೂ ಐದನೇ ತಿಂಗಳಲ್ಲಿ." ಹೋದ ವಾರ ನಾನೇ ಬರೆದ ಸಾಲು ಇದು, ಈಗ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಕಣ್ಣಿನಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾ ಮೆದುಳಿನಿಂದ ಬರುವುದು ನಿಜ. ಒಳಕಿವಿ ಹಾಗಲ್ಲ. ಗರ್ಭ ಕಟ್ಟಿದ ಸುಮಾರು 22ನೇ ದಿನ, ಹಿಮ್ಮೆದುಳಿನ ಎರಡೂ ಪಕ್ಕದಲ್ಲಿ ಭ್ರೂಣದ ಹೊರಪದರ ಒಂದಿಷ್ಟು ದಪ್ಪಗಾಗುತ್ತದೆ. ಒಳಕಿವಿ ಶುರುವಾಗುವುದು ಇಲ್ಲಿಂದಲೇ. ಸುತ್ತಲಿನ ಕೋಶಗಳು ಕಳಿಸುವ ಎಫ್‌ಜಿಎಫ್ ಎಂಬ ಪ್ರೋಟೀನುಗಳೇ ಇದಕ್ಕೆ ಸೂಚನೆ. ಇಲಿಗಳಲ್ಲಿ ಎಫ್‌ಜಿಎಫ್3, ಎಫ್‌ಜಿಎಫ್10 ಎರಡನ್ನೂ ತೆಗೆದು ನೋಡಿದ್ದಾರೆ. ಒಳಕಿವಿಯ ಚೀಲವೇ ಮೂಡಲಿಲ್ಲ.

ಆ ದಪ್ಪ ಜಾಗ ಒಳಗೆ ತಗ್ಗಿ ಬಟ್ಟಲಾಗುತ್ತದೆ. ಆಮೇಲೆ ಬಾಯಿ ಮುಚ್ಚಿಕೊಂಡು, ಸುಮಾರು ನಾಲ್ಕು ವಾರಕ್ಕೆ ಪುಟ್ಟ ಚೀಲವಾಗುತ್ತದೆ. ಶಬ್ದ ಹಿಡಿಯುವ ಕೋಕ್ಲಿಯಾ, ಸಮತೋಲ ಕಾಯುವ ನಾಳಗಳು ಇದರಿಂದಲೇ ಬರುತ್ತವೆ. ಕಿವಿಯ ನರಕೋಶಗಳೂ ಇದರ ಗೋಡೆಯಿಂದಲೇ ಕಳಚಿಕೊಂಡು, ಆಮೇಲೆ ಮೆದುಳಿನ ಕಡೆ ತಂತು ಚಾಚುತ್ತವೆ. ಅಂದರೆ ನಾನು ಬರೆದದ್ದಕ್ಕೆ ಪೂರ್ತಿ ಉಲ್ಟಾ, ಅಲ್ವಾ!

ಐದನೇ ತಿಂಗಳಿಗೆ ಒಳಕಿವಿ ಶುರುವಾಗುವುದಲ್ಲ, ಹೆಚ್ಚುಕಡಿಮೆ ದೊಡ್ಡವರ ಒಳಕಿವಿಯ ಗಾತ್ರವನ್ನೇ ಮುಟ್ಟಿರುತ್ತದೆ.

ಹಳೆಯ ಸಾಲನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.